ನೀಲಿ ಚಾವಣಿಗಳು ಮತ್ತು ಯಾರೂ ಕೇಳದ ಅಂಟಿನ ಪ್ರಶ್ನೆ

ಹಳೆಯ ಚಾವಣಿ ಚಿತ್ರಗಳ ಬಣ್ಣ ಪರೀಕ್ಷಿಸುವುದು ನನ್ನ ಕಸುಬು ಎಂದು ತಿಳಿದವರೆಲ್ಲ ಕೇಳುವುದು ಒಂದೇ ಬಗೆಯ ಪ್ರಶ್ನೆ. ಆ ನೀಲಿ ಯಾವುದರಿಂದ ಮಾಡಿದ್ದು? ಆ ಕೆಂಪಿನಲ್ಲಿ ಪಾದರಸ ಇದೆಯಂತೆ, ಹೌದೇ? ಚಿನ್ನ ಅಸಲಿಯೋ ನಕಲಿಯೋ? ಉತ್ತರ ಹೇಳಲು ನನಗೂ ಖುಷಿಯೇ. ಆದರೆ ಆ ನೀಲಿ ಪುಡಿಯನ್ನು ತಲೆಯ ಮೇಲೆ ನೂರಾರು ವರ್ಷ ಹಿಡಿದುಕೊಂಡಿರುವುದು ಯಾವುದು ಎಂದು ಕೇಳಿದವರನ್ನು ನಾನು ಹೆಚ್ಚು ಕಂಡಿಲ್ಲ. ಬಣ್ಣದ ಪುಡಿಗೆ, ಅಂದರೆ ವರ್ಣದ್ರವ್ಯಕ್ಕೆ, ಸಿಗುವ ಮರ್ಯಾದೆಯ ಕಾಲು ಭಾಗವೂ ಅದನ್ನು ಹಿಡಿದಿಡುವ ಅಂಟಿಗೆ, ಅಂದರೆ ಬಂಧಕಕ್ಕೆ, ಸಿಗುವುದಿಲ್ಲ. ನನ್ನ ಮಟ್ಟಿಗೆ ಇದು ಅನ್ಯಾಯ, ಅದರಲ್ಲೂ ಚಾವಣಿಯ ವಿಷಯದಲ್ಲಿ.

ಗೋಡೆಯ ಮೇಲಿನ ಬಣ್ಣ ಸಡಿಲವಾಗಿ ಹಕ್ಕಳೆ ಎದ್ದರೂ ಅಕ್ಕಪಕ್ಕದ ಆಸರೆಯಲ್ಲಿ ವರ್ಷಗಟ್ಟಲೆ ನಿಂತಿರಬಹುದು. ಚಾವಣಿಗೆ ಆ ಸೌಲಭ್ಯವಿಲ್ಲ. ಅಂಟು ಕೈಬಿಟ್ಟರೆ ಬಣ್ಣ ನೆಲ ಸೇರುತ್ತದೆ. ಮಾಡು ಸೋರಿದರೆ ನೀರು ಮೊದಲು ಮುಟ್ಟುವುದು ಚಾವಣಿಯನ್ನೇ. ಕೆಳಗೆ ಉರಿದ ದೀಪಗಳ, ಮೇಣದಬತ್ತಿಗಳ ಮಸಿ ಬಿಸಿಗಾಳಿಯ ಜೊತೆ ಏರಿ ಕೊನೆಗೆ ಕೂರುವುದೂ ಅಲ್ಲೇ. ಒಂದೇ ಲಾಭವೆಂದರೆ ಯಾರ ಕೈಯೂ ಎಟುಕುವುದಿಲ್ಲ, ಹಾಗಾಗಿ ಸವೆತ ಕಡಿಮೆ.

ನೀಲಿಯನ್ನೇ ಹಿಡಿದು ಈ ಮಾತು ಮುಂದುವರಿಸುತ್ತೇನೆ. ಮನುಷ್ಯ ಚಾವಣಿ ಕಂಡಲ್ಲೆಲ್ಲ ಆಕಾಶ ಬರೆಯಲು ಹೊರಟವನು, ಆಕಾಶಕ್ಕೆ ನೀಲಿ ಬೇಕೇ ಬೇಕು, ಮತ್ತು ಅಂಟಿಗೆ ಅತಿ ಹೆಚ್ಚು ತೊಂದರೆ ಕೊಡುವ ಬಣ್ಣಗಳಲ್ಲಿ ನೀಲಿಯೂ ಒಂದು.

ಈಜಿಪ್ಟಿನ ರಾಣಿ ನೆಫರ್ಟಾರಿಯ ಸಮಾಧಿಯ ಚಾವಣಿ ಕಡುನೀಲಿ. ಅದರ ತುಂಬ ಹಳದಿ ಐದುಮೂಲೆ ನಕ್ಷತ್ರಗಳು. ಆಕೆ ಎರಡನೆಯ ರಾಮ್ಸೆಸನ ಪತ್ನಿ, ಅಂದರೆ ಈ ಆಕಾಶಕ್ಕೆ ಮೂರು ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು. 1904ರಲ್ಲಿ ಸಮಾಧಿಯನ್ನು ಪತ್ತೆ ಮಾಡಿದಾಗಲೇ ಅಲ್ಲಲ್ಲಿ ಗಾರೆ ಉದುರಿತ್ತು. ಬಂಡೆಯೊಳಗಿನ ಉಪ್ಪು ತೇವದಲ್ಲಿ ಕರಗಿ, ಗಾರೆಯ ಹಿಂದೆ ಮತ್ತೆ ಹರಳುಗಟ್ಟಿ, ಚಿತ್ರವನ್ನು ಒಳಗಿನಿಂದ ದೂಡುತ್ತಿತ್ತು. 1986ರಿಂದ 1992ರವರೆಗೆ ಈಜಿಪ್ಟಿನ ಪುರಾತತ್ವ ಸಂಸ್ಥೆ ಮತ್ತು ಗೆಟ್ಟಿ ಸಂರಕ್ಷಣಾ ಸಂಸ್ಥೆ ಸೇರಿ ಅದನ್ನು ಉಳಿಸಿದವು. ಆಗ ನಡೆದ ಪರೀಕ್ಷೆಯಲ್ಲಿ ಬಣ್ಣಕ್ಕೆ ಕಲಸಿದ್ದು ಜಾಲಿ ಜಾತಿಯ ಮರದ ಗೋಂದು ಎಂದು ತಿಳಿಯಿತು. ಗೋಂದು ಎಷ್ಟು ಹಳೆಯದಾದರೂ ನೀರಿಗೆ ಅಂಜುತ್ತದೆ. ಅಂಥ ಬಣ್ಣದ ಮೇಲೆ ಒದ್ದೆ ಹತ್ತಿ ಒತ್ತಿದರೆ ಕೊಳೆಯ ಜೊತೆ ಚಿತ್ರವೂ ಹತ್ತಿಗೆ ಬರುತ್ತದೆ. ನೀಲಿ ಯಾವುದೆಂದು ಗೊತ್ತಾದರೆ ಲೇಖನ ಬರೆಯಬಹುದು; ಗೋಂದು ಯಾವುದೆಂದು ಗೊತ್ತಾಗದೆ ಅಲ್ಲಿ ಒಂದು ಬೆರಳಗಲ ಜಾಗವನ್ನೂ ಮುಟ್ಟುವಂತಿಲ್ಲ.

ಅಲ್ಲಿಯ ನೀಲಿ ಈಜಿಪ್ಷಿಯನ್ ನೀಲಿ. ಮರಳು, ಸುಣ್ಣ, ತಾಮ್ರ ಮತ್ತು ಒಂದಿಷ್ಟು ಕ್ಷಾರವನ್ನು ಒಟ್ಟಿಗೆ ಸುಮಾರು 900 ಡಿಗ್ರಿಯ ಕುಲುಮೆಯಲ್ಲಿ ಕಾಯಿಸಿ ಮಾಡಿದ, ಮನುಷ್ಯ ತಯಾರಿಸಿದ ಬಣ್ಣಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರುವ ಬಣ್ಣ. ಅದನ್ನು ಗುರುತಿಸಲು ಚಿತ್ರವನ್ನು ಮುಟ್ಟಲೇಬೇಕಿಲ್ಲ. ಕತ್ತಲಲ್ಲಿ ಕೆಂಪು ಎಲ್‌ಇಡಿ ಬೆಳಕು ಹಾಯಿಸಿ, ಕಣ್ಣಿಗೆ ಕಾಣದ ಅವಕೆಂಪು (ಇನ್ಫ್ರಾರೆಡ್) ಕಿರಣ ಕಾಣುವಂತೆ ಮಾರ್ಪಡಿಸಿದ ಕ್ಯಾಮೆರಾದಲ್ಲಿ ನೋಡಿದರೆ ಅದರ ಕಣಗಳು 910 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಹೊಳೆಯುತ್ತವೆ. ಬರಿಗಣ್ಣಿಗೆ ಏನೂ ಉಳಿದಿಲ್ಲ ಎನಿಸುವ ಬೂದು ಮೇಲ್ಮೈಯಲ್ಲಿ ಒಂದೊಂದೇ ಕಣ ಬೆಳ್ಳಗೆ ಮಿನುಗುವುದನ್ನು ಪರದೆಯ ಮೇಲೆ ಮೊದಲ ಸಲ ಕಂಡಾಗ ನಾನು ಕೆಲಸ ಮರೆತು ಸುಮ್ಮನೆ ನೋಡುತ್ತ ಕುಳಿತಿದ್ದೆ. ಈ ಉದ್ಯೋಗದಲ್ಲಿ ಇಷ್ಟು ಸಲೀಸಾಗಿ ಕೈಗೆ ಸಿಗುವ ಉತ್ತರ ಬೇರೆ ಇಲ್ಲ. ಅಂಟಿಗೆ ಇಂಥ ಕ್ಯಾಮೆರಾ ಇನ್ನೂ ಬಂದಿಲ್ಲ.

ಈಗ ಇಟಲಿಯ ಪಡುವಾಕ್ಕೆ ಬರೋಣ. ಸ್ಕ್ರೋವೆನ್ಯಿ ಪ್ರಾರ್ಥನಾ ಮಂದಿರದ ಕಮಾನು ಚಾವಣಿಗೆ 1305ರ ಸುಮಾರಿಗೆ ಚಿತ್ರಕಾರ ಜೋತ್ತೋ ಬರೆದ ಆಕಾಶವೂ ನೀಲಿಯೇ, ಅದರಲ್ಲೂ ಚಿನ್ನದ ನಕ್ಷತ್ರಗಳೇ. ಉಳಿದ ಚಿತ್ರಗಳು ಬಹುಪಾಲು ಫ್ರೆಸ್ಕೊ: ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಸೆರೆಯಾಗುತ್ತದೆ. ಅಲ್ಲಿ ಅಂಟಿನ ಮಾತೇ ಇಲ್ಲ, ಗಾರೆಯೇ ಅಂಟು. ನೀಲಿ ಮಾತ್ರ ಈ ಏರ್ಪಾಡಿಗೆ ಒಗ್ಗಲಿಲ್ಲ. ಅದು ಅಝುರೈಟ್, ತಾಮ್ರದ ಕಾರ್ಬೊನೇಟ್ ಖನಿಜ. ಅದನ್ನು ನುಣ್ಣಗೆ ಅರೆದರೆ ನೀಲಿ ಬಿಳಿಚಿಕೊಳ್ಳುತ್ತದೆ. ಗಾಢವಾದ ಬಣ್ಣ ಬೇಕೆಂದರೆ ಕಣ ದಪ್ಪಗೇ ಇರಬೇಕು. ದಪ್ಪ ಕಣವನ್ನು ಸುಣ್ಣದ ತೆಳು ಪೊರೆ ಹಿಡಿಯಲಾರದು. ಆದ್ದರಿಂದ ಗಾರೆ ಒಣಗಿದ ಮೇಲೆ ಚರ್ಮ, ಮೂಳೆ ಬೇಯಿಸಿ ಮಾಡುವ ಮರವಜ್ರದಂಥ ಅಂಟಿನಲ್ಲೋ ಮೊಟ್ಟೆಯಲ್ಲೋ ಕಲಸಿ ಹಚ್ಚಬೇಕು. ದಪ್ಪ ಕಣಕ್ಕೆ ಅಂಟೂ ಜಾಸ್ತಿ ಬೇಕು. ಅಂಟು ಜಾಸ್ತಿಯಾದರೆ ಒಣಗುವಾಗ ಸೆಟೆದುಕೊಂಡು ಸಿಡಿಯುತ್ತದೆ, ಕಾಲ ಕಳೆದಂತೆ ಕಂದಿ ನೀಲಿಯನ್ನು ಮಂಕು ಮಾಡುತ್ತದೆ. ಕಡಿಮೆಯಾದರೆ ಪುಡಿಪುಡಿಯಾಗಿ ಉದುರುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಟಲಿಯ ಹಳೆಯ ಭಿತ್ತಿಚಿತ್ರಗಳಲ್ಲಿ ಎಲ್ಲ ಬಣ್ಣವೂ ನೆಟ್ಟಗಿದ್ದು ಕನ್ಯೆ ಮೇರಿಯ ನೀಲಿ ನಿಲುವಂಗಿ ಮಾತ್ರ ಕಾಣೆಯಾಗಿರುವುದಕ್ಕೆ ಕಾರಣ ಇದೇ. ನೀಲಿಯ ಅಡಿಯಲ್ಲಿ ಕೆಂಗಂದು ಅಥವಾ ಕಪ್ಪು ಲೇಪ ಕೊಡುವ ರೂಢಿ ಇತ್ತು, ಮೇಲಿನ ನೀಲಿ ಇನ್ನಷ್ಟು ಗಾಢವಾಗಿ ಕಾಣಲಿ ಎಂದು. ನೀಲಿ ಉದುರಿದ ಮೇಲೆ ಉಳಿಯುವುದು ಆ ಅಡಿಲೇಪ. ನೋಡಿದವರು ಆಕಾಶವನ್ನು ಸಂಜೆಗೆಂಪಿನಲ್ಲಿ ಬರೆದಿದ್ದಾನೆ ಎಂದು ಕಲಾವಿದನ ಕಲ್ಪನೆಯನ್ನು ಕೊಂಡಾಡುತ್ತಾರೆ. ತಡೆಯಲು ಮನಸ್ಸಾಗುವುದಿಲ್ಲ, ಆದರೂ ತಡೆಯುತ್ತೇನೆ.

ಇದನ್ನೆಲ್ಲ ತಿಳಿಯುವುದು ಹೇಗೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ.

ಅಟ್ಟಣಿಗೆ ಹತ್ತಿ ಚಾವಣಿಗೆ ಒಂದು ಮೊಳದಷ್ಟು ಹತ್ತಿರ ಮುಖ ಒಯ್ದಾಗ ಮೊದಲು ಕಾಣುವುದು ಒರಟುತನ. ಕೆಳಗಿನಿಂದ ಕಣ್ಣೆನಿಸಿದ್ದು ಇಲ್ಲಿ ಎರಡು ದಪ್ಪ ಗೀರು; ಸೆರಗಿನ ಅಂಚು ಎನಿಸಿದ್ದು ಆತುರದಲ್ಲಿ ಎಳೆದ ಒಂದು ಪಟ್ಟೆ. ದೂರದಿಂದ ನೋಡುವವರಿಗಾಗಿ ಬರೆದದ್ದು ಹಾಗೆಯೇ ಇರಬೇಕು. ಎಲ್ಲ ಚಾವಣಿಯನ್ನೂ ಕತ್ತೆತ್ತಿಯೇ ಬರೆದರೆಂದೂ ಇಲ್ಲ. ಸ್ವಿಟ್ಜರ್ಲೆಂಡಿನ ಝಿಲ್ಲಿಸ್ ಎಂಬಲ್ಲಿನ ಚರ್ಚಿನ ಮರದ ಚಾವಣಿಯಲ್ಲಿ 12ನೇ ಶತಮಾನದ 153 ಹಲಗೆ ಚಿತ್ರಗಳಿವೆ. ಅವನ್ನು ಕೆಳಗೆ ಬರೆದು ಆಮೇಲೆ ಮೇಲಕ್ಕೆ ಜೋಡಿಸಿದ್ದು. ಬಣ್ಣ ಇಳಿದ ಗುರುತು, ಕುಂಚ ಓಡಿದ ದಿಕ್ಕು ನೋಡಿದರೆ ಇಂಥ ಸಂಗತಿ ಹಲವು ಬಾರಿ ಬರಿಗಣ್ಣಿಗೇ ತಿಳಿಯುತ್ತದೆ.

ಮಾದರಿ ತೆಗೆಯುವುದು ಈಗಾಗಲೇ ಬಿರುಕು ಬಿಟ್ಟ ಅಂಚಿನಿಂದ ಮಾತ್ರ. ಶಸ್ತ್ರಚಿಕಿತ್ಸೆಯ ಚೂಪು ಅಲಗಿನಿಂದ ಅರ್ಧ ಮಿಲಿಮೀಟರ್‌ಗಿಂತ ಚಿಕ್ಕ ಚಕ್ಕೆಯೊಂದನ್ನು ಮೆಲ್ಲನೆ ಮೀಟಬೇಕು. ಎಡಗೈಯಲ್ಲಿ ಮಡಿಸಿದ ನುಣುಪು ಕಾಗದ. ಚಕ್ಕೆ ಕಾಗದಕ್ಕೆ ಬಿದ್ದರೆ ಪುಣ್ಯ. ಉಸಿರು ಜೋರಾದರೆ ಅದು ಹಾರಿ ಹಲಗೆಗಳ ಸಂದಿಯಲ್ಲಿ ಮಾಯವಾಗುತ್ತದೆ. ಬಿದ್ದ ಚಕ್ಕೆಯನ್ನು ಪಾರದರ್ಶಕ ರಾಳದಲ್ಲಿ ಹುದುಗಿಸಿ, ರಾಳ ಗಟ್ಟಿಯಾದ ಮೇಲೆ ನಯವಾದ ಉಜ್ಜುಕಾಗದದಲ್ಲಿ ತೇಯುತ್ತ ಹೋದರೆ ಅದರ ಅಡ್ಡಕೊಯ್ತ ಸಿಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದೊಂದು ಬೇರೆ ಭೂಮಿ. ತಳದಲ್ಲಿ ಮರಳಿನ ಹರಳುಗಳಿರುವ ಗಾರೆ. ಅದರ ಮೇಲೆ ತೆಳುವಾದ ಬಿಳಿ. ಆಮೇಲೆ ಕಪ್ಪು ಗೆರೆ. ಅದರ ಮೇಲೆ ಗಾಜಿನ ಚೂರುಗಳಂಥ ನೀಲಿ ಹರಳುಗಳು, ಒಂದೊಂದರ ಅಂಚೂ ಎಣಿಸಬಹುದು. ಮೇಲ್ಗಡೆ ಮಸಿಯ ಪದರ. ಮಸಿಯ ಮೇಲೆ ಇನ್ನೊಂದು ನೀಲಿ, ಈ ಸಲ ನುಣ್ಣಗೆ, ಸಮವಾಗಿ, ಕಾರ್ಖಾನೆಯ ಶಿಸ್ತಿನಲ್ಲಿ. ದೀಪ ಬದಲಿಸಿ ಅತಿನೇರಳೆ ಬೆಳಕು ಹಾಕಿದರೆ ನೀಲಿ ಹರಳುಗಳು ಕತ್ತಲಾಗುತ್ತವೆ, ಅವುಗಳ ನಡುವಿನ ಸಂದುಗಳು ಮಾತ್ರ ಹಾಲುಬಿಳುಪಾಗಿ ಬೆಳಗುತ್ತವೆ. ಆ ಬೆಳಗುವ ಸಂದುಗಳೇ ಅಂಟು ಇರುವ ಜಾಗ.

ಮಸಿಯ ಮೇಲಿರುವ ನೀಲಿ ಮೊದಲಿನದಲ್ಲ ಎನ್ನಲು ಪ್ರಯೋಗಾಲಯವೇ ಬೇಕಿಲ್ಲ. ಅದಕ್ಕೆ ಕಾಲ ನಿಗದಿ ಮಾಡಲು ಮಾತ್ರ ಬೇಕು. ಪ್ರಷ್ಯನ್ ನೀಲಿ ಬರ್ಲಿನ್‌ನಲ್ಲಿ ಹುಟ್ಟಿದ್ದು 18ನೇ ಶತಮಾನದ ಮೊದಲ ದಶಕದಲ್ಲಿ. ಕೃತಕ ಅಲ್ಟ್ರಾಮರೀನ್ ಬಂದಿದ್ದು 1820ರ ದಶಕದಲ್ಲಿ. ಆರ್ಸೆನಿಕ್ ತುಂಬಿದ ಎಮರಾಲ್ಡ್ ಹಸಿರು 1814ರಲ್ಲಿ. ಇವು ಕಂಡ ಪದರ ಆ ವರ್ಷಗಳಿಗಿಂತ ಹಳೆಯದಾಗಿರಲಾರದು. ಟೈಟಾನಿಯಂ ಬಿಳಿ ಸಿಕ್ಕರೆ 20ನೇ ಶತಮಾನ. ಇಲ್ಲೊಂದು ಕಿವಿಮಾತು: ಟೈಟಾನಿಯಂ ಎಂಬ ಧಾತು ಮಣ್ಣಿನಲ್ಲೂ ಕಾವಿಯಲ್ಲೂ ಸಹಜವಾಗಿಯೇ ಅಷ್ಟಿಷ್ಟು ಇರುತ್ತದೆ. ಯಂತ್ರ ಅದನ್ನು ತೋರಿಸಿದ ಕೂಡಲೇ ಮೇಲೆ ಬಳಿದಿದ್ದಾರೆ ಎಂದು ಕೂಗೆಬ್ಬಿಸಬಾರದು.

ಯಂತ್ರಗಳ ಮಾತು ಬಂದಿದ್ದರಿಂದ ಹೇಳಿಬಿಡುತ್ತೇನೆ, ಬಣ್ಣದಲ್ಲಿರುವ ಧಾತುಗಳನ್ನು ತೋರಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌-ರೇ ಫ್ಲೋರೆಸೆನ್ಸ್ ಉಪಕರಣದ ಮೇಲೆ ನನಗೆ ಗೌರವವಿದೆ, ಭಕ್ತಿ ಇಲ್ಲ. ಬಂದೂಕಿನ ಆಕಾರದ ಆ ಯಂತ್ರವನ್ನು ತಲೆಯ ಮೇಲೆತ್ತಿ, ಮೇಲ್ಮೈಗೆ ತಾಗಿಸದೆ, ಅಲುಗಾಡದೆ ಒಂದು ನಿಮಿಷ ಹಿಡಿದರೆ ತೋಳಿನ ಎಲುಬುಗಳ ಲೆಕ್ಕ ಸಿಗುತ್ತದೆ. ಪರದೆಯ ಮೇಲೆ ತಾಮ್ರ ಇದೆ ಎಂದು ಬರುತ್ತದೆ. ಸರಿ, ತಾಮ್ರ ಇದೆ. ಅದು ಅಝುರೈಟ್ ಇರಬಹುದು, ಮ್ಯಾಲಕೈಟ್ ಹಸಿರಿರಬಹುದು, ಈಜಿಪ್ಷಿಯನ್ ನೀಲಿ ಇರಬಹುದು, ಕಿಲುಬಿನಿಂದ ಮಾಡಿದ ಹಸಿರೂ ಇರಬಹುದು. ಕಿರಣ ಎಲ್ಲ ಪದರಗಳನ್ನೂ ತೂರಿ ಹೋಗುವುದರಿಂದ ಆ ತಾಮ್ರ ಮೇಲಿನ ಬಣ್ಣದ್ದೋ ಅಡಿಯದ್ದೋ ಎಂಬುದೂ ಗೊತ್ತಾಗುವುದಿಲ್ಲ. ಕಾರ್ಬನ್, ಆಮ್ಲಜನಕ, ಸಾರಜನಕಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅಂದರೆ ಅಂಟು ಅದರ ಪಾಲಿಗೆ ಇಲ್ಲವೇ ಇಲ್ಲ. ಕೇವಲ ಈ ಯಂತ್ರದ ಬಲದ ಮೇಲೆ ಬರೆದ ವರದಿಗಳು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಇರುತ್ತವೆ.

ರಾಮನ್ ರೋಹಿತದ ಕಥೆ ಬೇರೆ. 1928ರಲ್ಲಿ ಸಿ. ವಿ. ರಾಮನ್ ಕಂಡುಹಿಡಿದ ಬೆಳಕಿನ ಚದರಿಕೆಯನ್ನೇ ಬಳಸಿ, ಲೇಸರ್ ಹಾಯಿಸಿ, ಒಂದೇ ಒಂದು ಬಣ್ಣದ ಕಣವನ್ನು ಹೆಸರು ಹಿಡಿದು ಕರೆಯಬಹುದು. ಪಾದರಸದ ಕೆಂಪಾದ ಇಂಗಲೀಕಕ್ಕೆ ಅದರದೇ ಗುರುತು, ಸೀಸದ ಕೆಂಪಾದ ಸಿಂಧೂರಕ್ಕೆ ಅದರದೇ ಗುರುತು, ಹಳದಿ ಹರಿತಾಳಕ್ಕೂ ಕೆಂಪು ಮನಶ್ಶಿಲೆಗೂ ಎರಡರಲ್ಲೂ ಆರ್ಸೆನಿಕ್ ಮತ್ತು ಗಂಧಕವೇ ಇದ್ದರೂ ಬೇರೆ ಬೇರೆ ಗುರುತು. ಕೆಲಸ ಕೆಡಿಸುವುದು ಮತ್ತೆ ಅಂಟೇ. ಹಳೆಯ ಅಂಟು, ಹಳೆಯ ವಾರ್ನಿಷ್ ಲೇಸರ್ ಬಿದ್ದ ಕೂಡಲೇ ತಾನೇ ಹೊಳೆಯತೊಡಗಿ ರಾಮನ್ ಸಂಕೇತವನ್ನು ಮುಳುಗಿಸಿಬಿಡುತ್ತದೆ. ತನ್ನನ್ನು ಯಾರೂ ಗಮನಿಸುತ್ತಿಲ್ಲ ಎಂಬ ಸಿಟ್ಟನ್ನು ಅದು ಇಲ್ಲಿ ತೀರಿಸಿಕೊಳ್ಳುತ್ತದೆಂದು ನಾನು ತಮಾಷೆ ಮಾಡುವುದುಂಟು.

ಹಾಗಾದರೆ ಅಂಟನ್ನು ಹಿಡಿಯುವುದು ಹೇಗೆ? ಅವಕೆಂಪು ರೋಹಿತ ಇದು ಎಣ್ಣೆ, ಇದು ಪ್ರೋಟೀನ್, ಇದು ಗೋಂದು ಎಂಬಷ್ಟನ್ನು ಹೇಳಬಲ್ಲದು. ಅದಕ್ಕಿಂತ ಮುಂದೆ ಹೋಗಬೇಕಾದರೆ ಚಕ್ಕೆಯನ್ನು ಬಲಿಕೊಡಬೇಕು: ರಾಸಾಯನಿಕವಾಗಿ ಒಡೆದು, ಆವಿಯಾಗಿಸಿ, ಗ್ಯಾಸ್ ಕ್ರೊಮೆಟೊಗ್ರಫಿಯ ಉದ್ದನೆಯ ತೆಳುಕೊಳವೆಯಲ್ಲಿ ಹಾಯಿಸಿ, ತುಣುಕುಗಳ ತೂಕ ಅಳೆಯಬೇಕು. ಎಣ್ಣೆಯಾದರೆ ಕೊಬ್ಬಿನ ಆಮ್ಲಗಳು ಬರುತ್ತವೆ. ಒಣಗುವ ಎಣ್ಣೆ ಹಳತಾದಾಗ ಅಝೆಲಾಯಿಕ್ ಆಮ್ಲ ಹೆಚ್ಚುತ್ತದೆ, ಮೊಟ್ಟೆಯಲ್ಲಿ ಅಷ್ಟಿರುವುದಿಲ್ಲ. ಯಾವ ಎಣ್ಣೆ ಎಂಬುದಕ್ಕೆ ಪಾಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲಗಳ ಅನುಪಾತ ನೋಡುವುದು ದಶಕಗಳ ಪದ್ಧತಿ: ಅಗಸೆ ಎಣ್ಣೆಯಲ್ಲಿ ಅದು ಸಾಮಾನ್ಯವಾಗಿ 2ಕ್ಕಿಂತ ಕಡಿಮೆ, ಗಸಗಸೆ ಎಣ್ಣೆಯಲ್ಲಿ 3ಕ್ಕಿಂತ ಹೆಚ್ಚು, ಅಕ್ರೋಟಿನ ಎಣ್ಣೆ ನಡುವೆ. ನೋಡಲು ಅಚ್ಚುಕಟ್ಟಾದ ಈ ಲೆಕ್ಕದ ಮೇಲೆ ನನಗೆ ಈಚೆಗೆ ನಂಬಿಕೆ ಕಡಿಮೆಯಾಗಿದೆ. ಪಾಮಿಟಿಕ್ ಆಮ್ಲ ಸ್ಟಿಯರಿಕ್‌ಗಿಂತ ಬೇಗ ಆವಿಯಾಗಿ ಚಿತ್ರ ಬಿಟ್ಟು ಹೋಗುತ್ತದೆ. ಎರಡು ಎಣ್ಣೆ ಬೆರೆಸಿದರೆ, ಮೊಟ್ಟೆ ಸೇರಿಸಿದರೆ ಅನುಪಾತ ಎಲ್ಲೋ ನಡುವೆ ಬಂದು ಕೂರುತ್ತದೆ. ಮಾಡಿನ ಬಿಸಿಯಲ್ಲಿ ಶತಮಾನಗಟ್ಟಲೆ ಬೆಂದ ಚಾವಣಿಗೆ ಈ ಅನುಮಾನ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಹಾಗಿದ್ದೂ ದಶಮಾಂಶ ಚಿಹ್ನೆಯ ಆಚೆ ಎರಡು ಅಂಕಿ ಕೊಟ್ಟು 'ಅಕ್ರೋಟಿನ ಎಣ್ಣೆ' ಎಂದು ಷರಾ ಬರೆದ ವರದಿಗಳು ಬರುತ್ತಲೇ ಇವೆ.

ಪ್ರೋಟೀನ್ ಆದರೆ ಅಮೈನೋ ಆಮ್ಲಗಳನ್ನು ಅಳೆಯಬೇಕು. ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟಿನಲ್ಲಿ ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲ ಧಾರಾಳ. ಮೊಟ್ಟೆಯಲ್ಲಿ, ಹಾಲಿನ ಕೇಸಿನ್‌ನಲ್ಲಿ ಅದು ಇರುವುದಿಲ್ಲ. ಈಗ ಇನ್ನೂ ಮುಂದೆ ಹೋಗಿ ಪ್ರೋಟೀನಿನ ತುಣುಕುಗಳಾದ ಪೆಪ್ಟೈಡ್‌ಗಳ ತೂಕದಿಂದ ಅಂಟು ದನದ್ದೋ ಮೊಲದ್ದೋ ಮೀನಿನದ್ದೋ ಎಂದೂ ಹೇಳುತ್ತಾರೆ. ಆದರೆ ವಿಧಿಯಾಟ ನೋಡಿ: ತಾಮ್ರದ ಅಯಾನುಗಳು ಅಮೈನೋ ಆಮ್ಲಗಳನ್ನು ಬಿಗಿಯಾಗಿ ಹಿಡಿದುಕೊಂಡು ಈ ಅಳತೆಯನ್ನೇ ಕೆಡಿಸುತ್ತವೆ. ಯಾವ ನೀಲಿಯ ಅಂಟು ತಿಳಿಯುವುದು ಅತ್ಯಗತ್ಯವೋ ಅದೇ ನೀಲಿ ಅಡ್ಡ ನಿಲ್ಲುತ್ತದೆ. ಅಮೋನಿಯಾದಲ್ಲಿ ಪ್ರೋಟೀನನ್ನು ಬೇರೆ ಮಾಡಿಕೊಂಡು, ತಾಮ್ರವನ್ನು ಆಚೆಗೆ ಸರಿಸಿ, ಆಮೇಲೆ ಅಳೆಯುವ ದಾರಿಗಳಿವೆ; ಆದರೆ ಚಕ್ಕೆ ಮೊದಲೇ ಚಿಕ್ಕದು, ಒಂದೊಂದು ಹಂತದಲ್ಲೂ ಅಷ್ಟಷ್ಟು ಕಳೆದುಹೋಗುತ್ತದೆ.

ಎಲ್ಲ ಸರಿಯಾಗಿ ನಡೆದು 'ಪ್ರಾಣಿಜನ್ಯ ಅಂಟು' ಎಂಬ ಉತ್ತರ ಬಂತೆನ್ನಿ. ನಿಜವಾದ ಜಗಳ ಶುರುವಾಗುವುದು ಆಮೇಲೆ. ಆ ಅಂಟು ಯಾರದು, ಚಿತ್ರ ಬರೆದವನದೋ ಆಮೇಲೆ ಬಂದವರದೋ?

ಈ ಜಗಳಗಳಲ್ಲಿ ಅತಿ ದೊಡ್ಡದು ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲ್‌ನದು. ಅಲ್ಲಿಯ ಚಾವಣಿಯೂ ಮೊದಲು ನೀಲಿ ಆಕಾಶ ಮತ್ತು ಚಿನ್ನದ ನಕ್ಷತ್ರಗಳೇ ಆಗಿತ್ತು. ಅದನ್ನು ಅಳಿಸಿ ಮೈಕೆಲೆಂಜೆಲೊ 1508ರಿಂದ 1512ರವರೆಗೆ ಈಗಿರುವ ಚಿತ್ರಗಳನ್ನು ಫ್ರೆಸ್ಕೊದಲ್ಲಿ ಬರೆದ. 1980ರಲ್ಲಿ ಆರಂಭವಾಗಿ 1989ರ ಕೊನೆಗೆ ಮುಗಿದ ಶುಚಿ ಕಾರ್ಯದಲ್ಲಿ ಮಸಿ ಮತ್ತು ಅಂಟಿನ ಕಂದು ಪದರ ತೆಗೆದಾಗ ಕೆಳಗಿನಿಂದ ಕಣ್ಣು ಕುಕ್ಕುವ ಹಳದಿ, ಹಸಿರು, ನಸುಗೆಂಪು ಬಂದವು. ಅರ್ಧ ಜಗತ್ತು ಬೆರಗಾಯಿತು, ಇನ್ನರ್ಧ ಸಿಟ್ಟಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಜೇಮ್ಸ್ ಬೆಕ್ ಮೊದಲಾದವರ ಆಕ್ಷೇಪ ಹೀಗಿತ್ತು: ಫ್ರೆಸ್ಕೊ ಒಣಗಿದ ಮೇಲೆ ಮೈಕೆಲೆಂಜೆಲೊ ಅಂಟಿನಲ್ಲಿ ಕಲಸಿದ ಕಪ್ಪಿನಿಂದ ನೆರಳುಗಳನ್ನು ತಿದ್ದಿದ್ದ, ನೀವು ಕೊಳೆ ಎಂದು ತೊಳೆದದ್ದು ಅವನ ಕೈಕೆಲಸವನ್ನೇ. ವ್ಯಾಟಿಕನ್‌ನ ತಜ್ಞರು ಒಪ್ಪಲಿಲ್ಲ. ಮಂಕಾದ ಬಣ್ಣಕ್ಕೆ ಹೊಳಪು ಬರಲೆಂದು ಆಮೇಲಿನವರು ಹಚ್ಚಿದ ಅಂಟು ಅದು, ಬಿರುಕುಗಳ ಮೇಲೂ ಕೊಳೆಯ ಮೇಲೂ ಹರಡಿದೆ ಎಂದರು. ಹಿಂದಿನವರ ಪ್ರತಾಪಗಳಿಗೆ ದಾಖಲೆಯೂ ಇದೆ: 1625ರಲ್ಲಿ ಬ್ರೆಡ್ಡಿನಿಂದ ಉಜ್ಜಿದ್ದರು, 18ನೇ ಶತಮಾನದ ಆರಂಭದಲ್ಲಿ ಸ್ಪಂಜು ಮತ್ತು ಗ್ರೀಕ್ ದ್ರಾಕ್ಷಾರಸದಿಂದ ತೊಳೆದಿದ್ದರು.

1980ರ ದಶಕದ ಶುಚಿ ಕಾರ್ಯದಲ್ಲಿ ಬಳಸಿದ ದ್ರಾವಣದಲ್ಲಿ ಇದ್ದುದು ಅಮೋನಿಯಂ ಮತ್ತು ಸೋಡಿಯಂ ಬೈಕಾರ್ಬೊನೇಟ್‌ಗಳು, ಒಂದು ಶಿಲೀಂಧ್ರನಾಶಕ, ಹರಿದುಹೋಗದಂತೆ ಲೋಳೆ ಮಾಡುವ ಸೆಲ್ಯುಲೋಸ್ ಪದಾರ್ಥ. ಸುಣ್ಣದಲ್ಲಿ ಸೆರೆಯಾದ ಬಣ್ಣ ಇದನ್ನು ತಾಳಿಕೊಳ್ಳುತ್ತದೆ. ಅಂಟಿನ ಬಣ್ಣ ತಾಳುವುದಿಲ್ಲ. ಆದ್ದರಿಂದ ಇಡೀ ವಿವಾದ ಕೊನೆಗೆ ಬಂಧಕದ ಪ್ರಶ್ನೆಯಾಗಿ ಉಳಿಯುತ್ತದೆ. ಇಲ್ಲಿ ಯಾವ ಯಂತ್ರಕ್ಕೂ ಪೂರ್ಣ ಉತ್ತರವಿಲ್ಲ. 1512ರ ಅಂಟಿಗೂ 1712ರ ಅಂಟಿಗೂ ಹೈಡ್ರಾಕ್ಸಿಪ್ರೋಲಿನ್ ಒಂದೇ. ನಂಬಬಹುದಾದ ಸಾಕ್ಷಿ ಅಡ್ಡಕೊಯ್ತದ್ದು ಮಾತ್ರ: ಫ್ರೆಸ್ಕೊಗೂ ಅಂಟಿಗೂ ನಡುವೆ ಮಸಿಯ ಗೆರೆ ಇದೆಯೇ, ಇಲ್ಲವೇ. ಇದ್ದಲ್ಲಿ ಅಂಟು ಆಮೇಲಿನದು. ಇಲ್ಲದಿದ್ದರೆ ಎರಡೂ ಸಾಧ್ಯ. ಬಹುಪಾಲು ಜಾಗದಲ್ಲಿ ವ್ಯಾಟಿಕನ್ನಿನವರದೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಅಷ್ಟು ವಿಶಾಲವಾದ ಚಾವಣಿಯಲ್ಲಿ ಮೈಕೆಲೆಂಜೆಲೊ ಒಣಗಿದ ಮೇಲೆ ಎಲ್ಲೂ ಒಂದು ನೆರಳನ್ನೂ ತಿದ್ದಿರಲಿಕ್ಕಿಲ್ಲ ಎಂದು ಆಣೆ ಮಾಡಿ ಹೇಳುವ ಧೈರ್ಯ ನನಗಿಲ್ಲ. ತೊಳೆದದ್ದನ್ನು ಮರಳಿ ತಂದು ಪರೀಕ್ಷಿಸುವಂತೆಯೂ ಇಲ್ಲ.

ಅಜಂತಾದಲ್ಲಿ ಆಮೇಲಿನವರ ಕೈ ಇನ್ನೂ ಭಾರವಾಗಿ ಬಿದ್ದಿದೆ. ಅಲ್ಲಿಯದು ಫ್ರೆಸ್ಕೊ ಅಲ್ಲ. ಮಣ್ಣಿನ ಗಾರೆ, ಅದರ ಮೇಲೆ ತೆಳು ಬಿಳಿ ಲೇಪ, ಒಣಗಿದ ಮೇಲೆ ಅಂಟಿನ ಬಣ್ಣ. ಒಂದನೆಯ, ಎರಡನೆಯ ಗುಹೆಗಳ ಚಾವಣಿಗಳಲ್ಲಿ ಹೂಬಳ್ಳಿ, ಹಂಸ, ಆನೆಗಳ ಜೊತೆ ಕಾಣುವ ನೀಲಿ ದೂರದ ಅಫ್ಘಾನಿಸ್ತಾನದ ಬದಖ್‌ಶಾನ್ ಕಡೆಯ ಲ್ಯಾಪಿಸ್ ಲಾಜುಲಿ. 19ನೇ ಶತಮಾನದಲ್ಲಿ ಪ್ರತಿ ತೆಗೆಯಲು ಬಂದವರು ಬಣ್ಣ ಎದ್ದು ಕಾಣಲೆಂದು ವಾರ್ನಿಷ್ ಬಳಿದರು. 1920ರ ಸುಮಾರಿಗೆ ಹೈದರಾಬಾದ್ ನಿಜಾಮರು ಕರೆಸಿದ ಇಟಲಿಯ ಇಬ್ಬರು ತಜ್ಞರು ಉದುರುವುದನ್ನು ತಡೆಯಲು ಅರಗಿನ ದ್ರಾವಣ ಹಚ್ಚಿದರು. ಆಗ ಅದು ರಕ್ಷಣೆಯೇ. ಕ್ರಮೇಣ ಅರಗು ಹಳದಿಯಾಗಿ, ಕಂದಾಗಿ, ಚಿತ್ರದ ಮೇಲೆ ಪರದೆ ಎಳೆಯಿತು. ಅದನ್ನು ತೆಗೆಯುವುದು ಪುರಾತತ್ವ ಇಲಾಖೆಯ ರಸಾಯನ ತಜ್ಞರಿಗೆ ದಶಕಗಳ ಕೆಲಸವಾಯಿತು. ಅತಿನೇರಳೆ ಬೆಳಕಿನಲ್ಲಿ ಅರಗು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ ಎಂಬುದು ಒಂದು ಸಮಾಧಾನ, ಅದನ್ನು ಮೂಲದ ಅಂಟೆಂದು ಎಣಿಸುವ ಅಪಾಯ ಕಡಿಮೆ. ಎಲ್ಲೋರಾದ ಗಾರೆಯಲ್ಲಿ ಸೆಣಬಿನಂಥ ನಾರಿನ ಗಾಂಜಾ ಗಿಡ ಬೆರೆಸಿದ್ದರೆಂದೂ, ಹುಳು ಹಿಡಿಯದೆ ಉಳಿಯಲು ಅದೂ ಕಾರಣವಿರಬಹುದೆಂದೂ 2016ರಲ್ಲಿ ಒಂದು ಅಧ್ಯಯನ ಹೇಳಿತು. ಪತ್ರಿಕೆಗಳು ಆ ಸುದ್ದಿಯನ್ನು ಎಷ್ಟು ಆಸೆಯಿಂದ ಅಚ್ಚು ಹಾಕಿದವೆಂದು ಬೇರೆ ಹೇಳಬೇಕಿಲ್ಲ.

ಅಂಟು ಇತಿಹಾಸವನ್ನೇ ತಿದ್ದಿದ್ದೂ ಉಂಟು. ಅಫ್ಘಾನಿಸ್ತಾನದ ಬಾಮಿಯಾನ್‌ನ ಬುದ್ಧ ವಿಗ್ರಹಗಳನ್ನು 2001ರಲ್ಲಿ ಸ್ಫೋಟಿಸಿದ ಮೇಲೆ ಅಲ್ಲಿಯ ಗುಹೆಗಳ ಚಿತ್ರಗಳನ್ನು ಉಳಿಸುವ ಕೆಲಸ ನಡೆಯಿತು. ಗೋಡೆ, ಚಾವಣಿಗಳಿಂದ ಉದುರಿದ ಚೂರುಗಳನ್ನು ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನ್ ಎಂಬ ತೀಕ್ಷ್ಣ ಕಿರಣಗಳ ಯಂತ್ರವಿರುವ ಕೇಂದ್ರದಲ್ಲಿ ಅವಕೆಂಪು ಮತ್ತು ಎಕ್ಸ್‌-ಕಿರಣಗಳಿಂದ ಪದರ ಪದರವಾಗಿ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ: ಪರೀಕ್ಷಿಸಿದ 50 ಗುಹೆಗಳ ಪೈಕಿ 12ರಲ್ಲಿ ಒಣಗುವ ಎಣ್ಣೆಯ ಬಣ್ಣ, ಕಾಲ 7ನೇ ಶತಮಾನದ ಮಧ್ಯಭಾಗ, ಎಣ್ಣೆ ಬಹುಶಃ ಅಕ್ರೋಟು ಅಥವಾ ಗಸಗಸೆಯದು. ತೈಲವರ್ಣ ಯೂರೋಪಿನಲ್ಲಿ ಹುಟ್ಟಿತೆಂದು ಶಾಲೆಯಲ್ಲಿ ಓದಿದ್ದಕ್ಕೆ ಶತಮಾನಗಳಷ್ಟು ಹಿಂದೆ ಅದು ಮಧ್ಯ ಏಷ್ಯಾದ ದಾರಿಯಲ್ಲಿ ಬಳಕೆಯಲ್ಲಿತ್ತು. ಬಣ್ಣವನ್ನಷ್ಟೇ ನೋಡಿದ್ದರೆ ಈ ಸಂಗತಿ ಯಾರಿಗೂ ಹೊಳೆಯುತ್ತಿರಲಿಲ್ಲ. ಸೀಸದ ಬಿಳಿ, ಇಂಗಲೀಕ ಎಲ್ಲೆಲ್ಲೂ ಇದ್ದವೇ.

ಬಂಧಕಕ್ಕೂ ಬಣ್ಣ ಬದಲಾಗುವುದಕ್ಕೂ ಇರುವ ನಂಟನ್ನು ಒಂದೇ ಉದಾಹರಣೆಯಲ್ಲಿ ಹೇಳುತ್ತೇನೆ. ಕೋಬಾಲ್ಟ್ ಬೆರೆತ ನೀಲಿ ಗಾಜನ್ನು ಪುಡಿ ಮಾಡಿದರೆ ಸ್ಮಾಲ್ಟ್ ಎಂಬ ಬಣ್ಣ; ಲ್ಯಾಪಿಸ್‌ಗಿಂತ ಬಹಳ ಅಗ್ಗ. ಅದನ್ನು ಎಣ್ಣೆಯಲ್ಲಿ ಕಲಸಿದರೆ ಗಾಜಿನೊಳಗಿನ ಪೊಟ್ಯಾಸಿಯಂ ಎಣ್ಣೆಯ ಕೊಬ್ಬಿನ ಆಮ್ಲಗಳ ಕಡೆಗೆ ಸರಿಯುತ್ತದೆ, ಕೋಬಾಲ್ಟ್‌ನ ಸುತ್ತಲಿನ ಜೋಡಣೆ ಬದಲಾಗಿ ನೀಲಿ ಬೂದಿಯಾಗುತ್ತದೆ. ಅದೇ ಸ್ಮಾಲ್ಟ್ ಸುಣ್ಣದಲ್ಲಿ ಎಷ್ಟೋ ವಾಸಿ. ಮೋಡ ಕವಿದಂತೆ ಬರೆದಿದ್ದಾರೆ ಎನಿಸುವ ಹಲವು ಚಿತ್ರಗಳ ಆಕಾಶ ಒಂದು ಕಾಲಕ್ಕೆ ಶುಭ್ರವಾಗಿತ್ತು.

ಕೊನೆಗೆ ಒಂದು ವ್ಯಾವಹಾರಿಕ ತಾಪತ್ರಯ. ಉದುರುತ್ತಿರುವ ಚಾವಣಿಯನ್ನು ಪರೀಕ್ಷೆ ಮುಗಿಯುವವರೆಗೆ ಹಾಗೇ ಬಿಡಲಾಗುವುದಿಲ್ಲ. ಸಂರಕ್ಷಕರು ಹಕ್ಕಳೆಗಳ ಹಿಂದೆ ಸಣ್ಣ ಕುಂಚದಿಂದ ಅಂಟು ಹರಿಸಿ, ತೆಳು ಜಪಾನಿ ಕಾಗದ ಇಟ್ಟು ಒತ್ತಿ ಕೂರಿಸುತ್ತಾರೆ. ಇಂದು ಬಳಸುವವುಗಳಲ್ಲಿ ಸ್ಟರ್ಜನ್ ಮೀನಿನ ಅಂಟು ಇದೆ, ಸಮುದ್ರ ಪಾಚಿಯ ಫುನೋರಿ ಇದೆ, ಪ್ಯಾರಲಾಯ್ಡ್ ಎಂಬ ಅಕ್ರಿಲಿಕ್ ರಾಳ ಇದೆ. ಹಕ್ಕಳೆಯೊಳಗೆ ಇಳಿದ ಮೀನಿನ ಅಂಟು ಮೂಲದ ಅಂಟಿನ ಜೊತೆ ಬೆರೆತುಹೋದ ಮೇಲೆ ಆ ಜಾಗದಿಂದ ತೆಗೆದ ಯಾವ ಚಕ್ಕೆಯಲ್ಲೂ ಹೈಡ್ರಾಕ್ಸಿಪ್ರೋಲಿನ್‌ಗೆ ಅರ್ಥವಿರುವುದಿಲ್ಲ. ಹಾಗಾಗಿ ಅಂಟು ಹರಿಸುವ ಮೊದಲೇ ಮಾದರಿ ತೆಗೆದಿಡಿ ಎಂದು ನಾನು ಕೇಳುತ್ತಲೇ ಇರುತ್ತೇನೆ, ಮೊದಲು ಉಳಿಸಿಕೊಳ್ಳೋಣ ಎಂದು ಅವರು ಹೇಳುತ್ತಲೇ ಇರುತ್ತಾರೆ, ಇಬ್ಬರದೂ ಸರಿಯೇ. ಈಗ ನಮ್ಮ ನಡುವೆ ಒಪ್ಪಂದವೊಂದು ಆಗಿದೆ. ಅಟ್ಟಣಿಗೆಯ ಹಲಗೆಗಳ ಮೇಲೂ ಗೋಡೆಯಂಚಿನ ಚಾಚುಗಳ ಮೇಲೂ ಬಿದ್ದ ಪುಡಿಯನ್ನು ಗುಡಿಸಿ ಎಸೆಯದೆ, ಎಲ್ಲಿಂದ ಸಿಕ್ಕಿತೆಂದು ಬರೆದು ಡಬ್ಬಿಗೆ ತುಂಬುತ್ತಾರೆ. ಹೊಸ ಅಂಟು ತಾಗದ ನೀಲಿ ಈಗ ಅಲ್ಲಿ ಮಾತ್ರ ಸಿಗುತ್ತದೆ.